ಗೃಹಸ್ಥರೊಡನೆ ನಾಲ್ಕು ಮಾತು: ಮನೆಯ ಮುಂದಣ ಬೀದಿ ಯಾರದು?

ಮನೆಯನ್ನು ಕೊಳ್ಳಬೇಕೆಂದು ಹೊರಟ ಗೃಹಸ್ಥನು ಬಾವಿಯ ನೀರು ಸಿಹಿಯೋ ಉಪ್ಪೋ ಎಂಬುದನ್ನು ರುಚಿನೋಡುತ್ತಾನೆ. ಬಾಗಿಲು ಯಾವ ದಿಕ್ಕಿಗಿದೆ ಎಂಬುದನ್ನು ಬಲ್ಲವರಿಂದ ಕೇಳಿ ತಿಳಿಯುತ್ತಾನೆ. ತೊಲೆಗೆ ಗೆದ್ದಲು ಹಿಡಿದಿದೆಯೇ, ಗೋಡೆ ಬಿರುಕು ಬಿಟ್ಟಿದೆಯೇ ಎಂದು ತಟ್ಟಿ ನೋಡುತ್ತಾನೆ. ಸ್ವತ್ತಿನ ಮೇಲೆ ಸಾಲವೇನಾದರೂ ಇದೆಯೇ ಎಂಬುದಕ್ಕೆ ನೋಂದಣಿ ಕಚೇರಿಯಿಂದ ಋಣಭಾರ ಪತ್ರವನ್ನೂ ತೆಗೆಸುತ್ತಾನೆ. ಇಷ್ಟೆಲ್ಲ ಎಚ್ಚರ ವಹಿಸಿದವನು, ತಾನು ಆ ಮನೆಗೆ ಯಾವ ದಾರಿಯಿಂದ ನಡೆದು ಬಂದನೋ ಆ ದಾರಿ ಯಾರದು ಎಂದು ಮಾತ್ರ ಕೇಳುವುದಿಲ್ಲ.

ಬೀದಿಯೆಂಬುದು ಗಾಳಿಯಂತೆ, ಬಿಸಿಲಿನಂತೆ ಎಲ್ಲರಿಗೂ ಸೇರಿದ್ದೆಂಬ ಭಾವನೆ ನಮ್ಮಲ್ಲಿ ಬೇರೂರಿರುವುದೇ ಇದಕ್ಕೆ ಕಾರಣ. ವಿಚಾರಮಾಡಿ ನೋಡಿದರೆ ಹಾಗಲ್ಲ. ಬೀದಿಯೂ ನೆಲವೇ, ನೆಲಕ್ಕೆ ಒಡೆಯನೊಬ್ಬನು ಇದ್ದೇ ಇರಬೇಕು. ಆ ಒಡೆತನವು ಯಾವಾಗ, ಯಾವ ಕ್ರಮದಿಂದ ಒಬ್ಬನ ಕೈಬಿಟ್ಟು ಊರಿನ ಕೈಸೇರುವುದೆಂಬುದು ಗೃಹಸ್ಥರೆಲ್ಲರೂ ತಿಳಿದಿರತಕ್ಕ ವಿಷಯ. ಆದಕಾರಣ ಈ ತಿಂಗಳು ಅದನ್ನೇ ಎತ್ತಿಕೊಂಡಿದ್ದೇವೆ. ವಾಚಕರು ತಾಳ್ಮೆಯಿಂದ ಓದಬೇಕೆಂದು ಬೇಡುತ್ತೇವೆ. ಏಕೆಂದರೆ ವಿಷಯವು ಮೇಲ್ನೋಟಕ್ಕೆ ಒಣದಾಗಿ ಕಂಡರೂ ಇದರ ಫಲವನ್ನು ಉಣ್ಣುವವರು ನಾವೇ ಆಗಿದ್ದೇವೆ.

ಕೆಲವು ಬೀದಿಗಳು ಹುಟ್ಟುವಾಗಲೇ ಊರಿನವಾಗಿ ಹುಟ್ಟುತ್ತವೆ. ೧೮೯೮ರ ಪ್ಲೇಗಿನ ಅನಂತರ ಬೆಂಗಳೂರಿನಲ್ಲಿ ಬೆಳೆದ ಮಲ್ಲೇಶ್ವರ, ಬಸವನಗುಡಿಗಳ ಬೀದಿಗಳು ಅಂತಹವು. ಸರ್ಕಾರವೇ ನೆಲವನ್ನು ಅಳೆದು, ಬೀದಿಗಳಿಗೆ ಇಷ್ಟು, ನಿವೇಶನಗಳಿಗೆ ಇಷ್ಟು ಎಂದು ಗೆರೆ ಎಳೆದು ಹಂಚಿತು. ಮೈಸೂರಿನಲ್ಲಿ ೧೯೦೩ರಿಂದಲೂ, ಬೆಂಗಳೂರಿನಲ್ಲಿ ೧೯೪೫ರಿಂದಲೂ ಇಂತಹ ಕೆಲಸಕ್ಕೆಂದೇ ಸಿಟಿ ಇಂಪ್ರೂವ್‌ಮೆಂಟ್ ಟ್ರಸ್ಟ್ ಎಂಬ ಮಂಡಲಿಗಳು ಏರ್ಪಟ್ಟವು. ೧೯೭೬ರಲ್ಲಿ ಬೆಂಗಳೂರು ಅಭಿವೃದ್ಧಿ ಪ್ರಾಧಿಕಾರದ ಕಾನೂನು ಬಂದಿತು. ಪ್ರಾಧಿಕಾರವು ತಾನು ರಚಿಸುವ ಬಡಾವಣೆಯಲ್ಲಿ ನೂರಕ್ಕೆ ೧೫ ಪಾಲು ನೆಲವನ್ನು ಉದ್ಯಾನಗಳಿಗೂ ಆಟದ ಬಯಲುಗಳಿಗೂ, ಅದಲ್ಲದೆ ನೂರಕ್ಕೆ ೧೦ಕ್ಕೆ ಕಡಮೆಯಿಲ್ಲದ ಪಾಲನ್ನು ನಾಗರಿಕ ಸೌಕರ್ಯಗಳಿಗೂ ತೆಗೆದಿರಿಸತಕ್ಕದ್ದೆಂದು ಅದು ವಿಧಿಸಿತು. ಇಂತಹ ಕಡೆ ಬೀದಿ ಯಾರದೆಂಬ ಪ್ರಶ್ನೆಯೇ ಏಳುವುದಿಲ್ಲ.

ಪ್ರಶ್ನೆ ಏಳುವುದು ಎರಡನೆಯ ಬಗೆಯ ಬೀದಿಯಲ್ಲಿ. ಊರಂಚಿನಲ್ಲಿ ಒಬ್ಬನಿಗೆ ಮೂರೋ ನಾಲ್ಕೋ ಎಕರೆ ಹೊಲವಿದೆಯೆಂದಿಟ್ಟುಕೊಳ್ಳೋಣ. ರಾಗಿ ಬೆಳೆಯುವುದಕ್ಕಿಂತ ಮನೆ ಬೆಳೆಯುವುದು ಲಾಭವೆಂದು ಅವನಿಗೆ ತೋರುತ್ತದೆ. ನಡುವೆ ಒಂದು ದಾರಿಯನ್ನು ಬಿಟ್ಟು ಎರಡು ಪಕ್ಕದಲ್ಲಿಯೂ ನಿವೇಶನಗಳನ್ನು ಮಾಡಿ ಮಾರುತ್ತಾನೆ. ಕೊಂಡವರ ಕ್ರಯಪತ್ರದ ಚಕ್ಕುಬಂದಿಯಲ್ಲಿ ‘ಉತ್ತರಕ್ಕೆ ರಸ್ತೆ’ ಎಂದು ಬರೆದಿರುತ್ತದೆ. ರಸ್ತೆಯೆಂದು ಬರೆದಿದೆಯೇ ಹೊರತು ಯಾರ ರಸ್ತೆಯೆಂದು ಬರೆದಿಲ್ಲ. ನಿವೇಶನಗಳೆಲ್ಲ ಮಾರಿಹೋದ ಮೇಲೂ ಆ ದಾರಿಯ ನೆಲವು ಪಹಣಿಯಲ್ಲಿ ಹಳೆಯ ಒಡೆಯನ ಹೆಸರಿನಲ್ಲಿಯೇ ಉಳಿದಿರುವುದುಂಟು. ಇಂತಹ ಬೀದಿಯು ಹುಟ್ಟಿನಿಂದ ಖಾಸಗಿ, ಸಂಸ್ಕಾರದಿಂದ ಸಾರ್ವಜನಿಕವಾಗಬೇಕು. ಆ ಸಂಸ್ಕಾರವಾವುದು ಎಂಬುದೇ ನಮ್ಮ ವಿಚಾರ.

ನಮ್ಮ ಪ್ರಾಚೀನ ಧರ್ಮಶಾಸ್ತ್ರಕಾರರಿಗೆ ಈ ತೆರನ ಪ್ರಶ್ನೆ ಹೊಸದಲ್ಲ. ವಿಜ್ಞಾನೇಶ್ವರನು ಕಲ್ಯಾಣದ ಚಾಳುಕ್ಯರ ಆರನೆಯ ವಿಕ್ರಮಾದಿತ್ಯನ ಕಾಲದಲ್ಲಿ, ಅಂದರೆ ನಮ್ಮ ನಾಡಿನಲ್ಲಿಯೇ, ರಚಿಸಿದ ಮಿತಾಕ್ಷರೆಯಲ್ಲಿ ದಾನವೆಂದರೇನು ಎಂಬುದನ್ನು ವಿವರಿಸಿದ್ದಾನೆ. ಕೊಡುವವನ ಒಡೆತನವು ನಿವೃತ್ತಿಯಾಗಬೇಕು, ಇನ್ನೊಬ್ಬನ ಒಡೆತನವು ಉಂಟಾಗಬೇಕು; ಇವೆರಡೂ ಕೂಡಿದರೆ ಮಾತ್ರ ದಾನ. ಇನ್ನೊಬ್ಬನ ಒಡೆತನವಾದರೋ ಅವನು ಸ್ವೀಕರಿಸಿದ ಹೊರತು ಉಂಟಾಗದು. ಆ ಸ್ವೀಕಾರವು ಮಾನಸಿಕ, ವಾಚಿಕ, ಕಾಯಿಕ ಎಂದು ಮೂರು ವಿಧ. ಬಟ್ಟೆಯನ್ನೋ ಒಡವೆಯನ್ನೋ ಕೈಯೊಡ್ಡಿ ತೆಗೆದುಕೊಳ್ಳಬಹುದು. ನೆಲವನ್ನು ಹಾಗೆ ತೆಗೆದುಕೊಳ್ಳುವುದು ಅಶಕ್ಯವಾದುದರಿಂದ, ಸ್ವಲ್ಪವಾದರೂ ಅದರ ಉಪಭೋಗ ನಡೆದಿರಬೇಕೆಂದು ಅವನು ಹೇಳುತ್ತಾನೆ.

ಇದಕ್ಕೆ ಭಿನ್ನವಾದ ಇನ್ನೊಂದು ಕ್ರಮವುಂಟು, ಅದು ಉತ್ಸರ್ಗ. ಕೆರೆಯನ್ನು ಕಟ್ಟಿಸಿದವನು, ತೋಪನ್ನು ನೆಡಿಸಿದವನು ಅದನ್ನು ಸರ್ವಭೂತಗಳಿಗಾಗಿ ಬಿಟ್ಟುಬಿಡುತ್ತಾನೆ. ಅಲ್ಲಿ ಇಂತಹವನೇ ಸ್ವೀಕರಿಸಬೇಕೆಂಬ ನಿಯಮವಿಲ್ಲ. ಬಿಟ್ಟ ಮೇಲೆ ಆ ನೀರಿನಲ್ಲಿ ಅವನಿಗಿರುವ ಹಕ್ಕು ದಾರಿಹೋಕನಿಗಿರುವಷ್ಟೇ. ಎಲ್ಲರೊಡನೆ ತಾನೂ ಒಬ್ಬನಾಗಿ ಕುಡಿಯಬಹುದು, ಇದು ನನ್ನದೆಂದು ತಡೆಯಲಾಗದು.

ಬೀದಿಯು ಈ ಎರಡರ ನಡುವೆ ನಿಂತಿದೆ. ಬಿಡುವುದರಲ್ಲಿ ಅದು ಉತ್ಸರ್ಗದಂತೆ, ಯಾರೊಬ್ಬರಿಗಲ್ಲ, ಎಲ್ಲರಿಗೆ. ಆದರೆ ಬೀದಿಯನ್ನು ಬಿಟ್ಟರೆ ಸಾಲದು. ಮಳೆಗೆ ಕೊಚ್ಚಿದ ಮಣ್ಣನ್ನು ತುಂಬುವವರಾರು? ಚರಂಡಿಯ ಕೆಸರನ್ನು ತೆಗೆಯುವವರಾರು? ದೀಪಕ್ಕೆ ಹಣ ಕೊಡುವವರಾರು? ಈ ಭಾರವನ್ನು ಹೊರುವವನೊಬ್ಬನು ಬೇಕಾದುದರಿಂದ ಇಲ್ಲಿ ದಾನದಂತೆ ಸ್ವೀಕಾರವೂ ಬೇಕು. ಬಿಡುವವನು ಭೂಮಿಯ ಒಡೆಯ, ಸ್ವೀಕರಿಸುವವರು ಪುರಸಭೆಯವರು. ಸಭೆಯಲ್ಲಿ ನಿರ್ಣಯ ಮಾಡಿದರೆ ವಾಚಿಕ ಸ್ವೀಕಾರ. ಗುಡಿಸಿ, ಜಲ್ಲಿ ಹಾಕಿ, ದೀಪವಿಟ್ಟರೆ ಕಾಯಿಕ ಸ್ವೀಕಾರ. ಈಗಿನ ಪೌರಾಡಳಿತದ ಕಾನೂನುಗಳು ‘ಸಾರ್ವಜನಿಕ ಬೀದಿ’ ಎಂಬುದಕ್ಕೆ ಕೊಡುವ ವ್ಯಾಖ್ಯೆಯೂ ಬಹುಮಟ್ಟಿಗೆ ಹೀಗೆಯೇ ಇದೆ: ಸಾರ್ವಜನಿಕರಿಗೆ ನಡೆಯುವ ಹಕ್ಕಿರುವ ಬೀದಿ, ಪುರಸಭೆಯ ಅಥವಾ ಸರ್ಕಾರದ ಹಣದಿಂದ ಸಮಮಾಡಿದ ಇಲ್ಲವೆ ದುರಸ್ತಾದ ಬೀದಿ, ಪುರಸಭೆಯವರು ಕಾನೂನಿನ ಮೇರೆಗೆ ಸಾರ್ವಜನಿಕವೆಂದು ಸಾರಿದ ಬೀದಿ.

ದಾರಿಯನ್ನು ತಡೆಯುವುದು ಎಷ್ಟು ದೊಡ್ಡ ತಪ್ಪೆಂಬುದನ್ನು ಕೌಟಿಲ್ಯನು ದಂಡದ ಮೊತ್ತದಿಂದಲೇ ತೋರಿಸಿದ್ದಾನೆ. ಮೈಸೂರಿನ ಶಾಮಶಾಸ್ತ್ರಿಗಳು ೧೯೦೯ರಲ್ಲಿ ಅಚ್ಚುಹಾಕಿಸಿ ಬೆಳಕಿಗೆ ತಂದ ಅರ್ಥಶಾಸ್ತ್ರದಲ್ಲಿ, ಮನುಷ್ಯರೂ ಸಣ್ಣ ಪಶುಗಳೂ ನಡೆಯುವ ಕಾಲುದಾರಿಯನ್ನು ತಡೆದವನಿಗೆ ೧೨ ಪಣ, ದೊಡ್ಡ ಪಶುಗಳ ದಾರಿಗೆ ೨೪ ಪಣ, ಹೀಗೆ ಏರುತ್ತ ಹೋಗಿ ನಾಡಿನ ಹೆದ್ದಾರಿಗೆ ೧೦೦೦ ಪಣ ಎಂದಿದೆ. ಆದರೆ ಕಾಲುದಾರಿಯನ್ನು ತಡೆದವನೂ ದಂಡವಿಲ್ಲದೆ ಹೋಗಲಿಲ್ಲ ಎಂಬುದನ್ನು ವಾಚಕರು ಗಮನಿಸಬೇಕು.

ಇನ್ನು ಈಗಿನ ಕಾನೂನಿನ ಮೂಲವನ್ನು ನೋಡೋಣ. ನಮ್ಮ ಪುರಸಭೆಗಳ ಬೀದಿ ಕಾನೂನಿನ ಹಲವು ಮಾತುಗಳು ಇಂಗ್ಲೆಂಡಿನಿಂದ ಬಂದವು. ಅಲ್ಲಿ ಹತ್ತೊಂಬತ್ತನೆಯ ಶತಮಾನದಲ್ಲಿ ಕಾರ್ಖಾನೆಗಳ ಊರುಗಳು ಬೆಳೆದಾಗ ಜಮೀನುದಾರರು ಸಾಲುಸಾಲಾಗಿ ಮನೆಗಳನ್ನು ಕಟ್ಟಿಸಿ ಮಾರಿದರು. ಬೀದಿಗಳು ಮಾತ್ರ ಕೆಸರಿನ ಹೊಂಡಗಳಾಗಿ ಉಳಿದವು. ೧೮೭೫ರ ಸಾರ್ವಜನಿಕ ಆರೋಗ್ಯದ ಕಾನೂನೂ, ೧೮೯೨ರ ಖಾಸಗಿ ಬೀದಿಗಳ ಕಾಮಗಾರಿಯ ಕಾನೂನೂ ಇದಕ್ಕೆ ಒಂದು ಕ್ರಮವನ್ನು ಮಾಡಿದವು. ಬೀದಿಗೆ ಒಳಚರಂಡಿ, ಮಟ್ಟ, ಜಲ್ಲಿ, ಕಲ್ಲುಹಾಸು, ಕಾಲುವೆ, ದೀಪ ಇವಿಷ್ಟೂ ಆಗಬೇಕು. ಆಗದಿದ್ದರೆ ಪುರಸಭೆಯವರು ತಾವೇ ಮಾಡಿಸಿ ಬೀದಿಯ ಎರಡು ಪಕ್ಕದ ಸ್ವತ್ತುದಾರರಿಂದ, ಅವರವರ ಸ್ವತ್ತಿನ ಮುಖದಳತೆಯ ಪ್ರಕಾರ, ಖರ್ಚನ್ನು ವಸೂಲುಮಾಡಬಹುದು. ಅನಂತರ ನೋಟೀಸು ಹಚ್ಚಿ ಅದನ್ನು ಸಾರ್ವಜನಿಕ ಬೀದಿಯೆಂದು ಸಾರಬಹುದು. ಒಂದು ತಿಂಗಳೊಳಗೆ ಸ್ವತ್ತುದಾರರಲ್ಲಿ ಹೆಚ್ಚು ಮಂದಿ ಬೇಡವೆಂದರೆ ಅದು ಸಲ್ಲದು. ೧೮೯೨ರ ಕಾನೂನಿನಲ್ಲಿ ಇನ್ನೊಂದು ವಿಶೇಷವುಂಟು. ಕೆಲಸವೆಲ್ಲ ಮುಗಿದ ಮೇಲೆ ಸ್ವತ್ತಿನ ಬೆಲೆಯಲ್ಲಿ ಹೆಚ್ಚು ಪಾಲುಳ್ಳ ಮಾಲೀಕರು ಕೋರಿದರೆ ಪುರಸಭೆಯವರು ಮೂರು ತಿಂಗಳೊಳಗೆ ಬೀದಿಯನ್ನು ಒಪ್ಪಿಕೊಳ್ಳಲೇಬೇಕಾಗಿತ್ತು.

ನಮ್ಮಲ್ಲಿ ೧೯೬೧ರ ಕರ್ನಾಟಕ ಪಟ್ಟಣ ಮತ್ತು ಗ್ರಾಮಾಂತರ ಯೋಜನಾ ಕಾನೂನಿನ ಪ್ರಕಾರ ಯೋಜನಾ ಪ್ರಾಧಿಕಾರದ ಮಂಜೂರಾತಿಯಿಲ್ಲದೆ ಯಾರೂ ನೆಲವನ್ನು ನಿವೇಶನಗಳಾಗಿ ಸೀಳಲಾಗದು, ಖಾಸಗಿ ಬೀದಿಯನ್ನು ಹಾಕಲಾಗದು. ಮಂಜೂರಾತಿ ಪಡೆದು ಬಡಾವಣೆ ಮಾಡಿದವನು ಬೀದಿ, ಉದ್ಯಾನ, ಬಯಲುಗಳ ಮೇಲಿನ ತನ್ನ ಹಕ್ಕನ್ನು ಬಿಟ್ಟುಕೊಟ್ಟು ಪತ್ರವನ್ನು ನೋಂದಣಿ ಮಾಡಿಸಬೇಕು, ಅದಕ್ಕೆ ಬೆಲೆಯಿಲ್ಲ. ಈ ವಿಧಿ ಕಾನೂನಿನಲ್ಲಿಯೇ ಇರಬೇಕಾದುದು ಏಕೆಂಬುದನ್ನು ದೆಹಲಿಯ ಒಂದು ಪ್ರಕರಣವು ತೋರಿಸುತ್ತದೆ. ಪಂಡಿತ ಚೇತರಾಮ ವಸಿಷ್ಠರಿಗೂ ಅಲ್ಲಿನ ನಗರಸಭೆಗೂ ನಡೆದ ವ್ಯಾಜ್ಯದಲ್ಲಿ ಸರ್ವೋಚ್ಚ ನ್ಯಾಯಾಲಯವು ೧೯೯೦ರ ದಶಕದಲ್ಲಿ ಹೀಗೆ ಹೇಳಿತು: ಉದ್ಯಾನಕ್ಕೋ ಶಾಲೆಗೋ ಎಂದು ನಕ್ಷೆಯಲ್ಲಿ ಬಿಟ್ಟ ನೆಲವನ್ನು ಒಡೆಯನು ಬೇರೆಯದಕ್ಕೆ ಬಳಸಲಾಗದು, ಅವನು ಅದಕ್ಕೆ ವಿಶ್ವಸ್ತನಂತೆ, ಆದರೆ ಕಾನೂನಿನಲ್ಲಿ ಹೇಳದೆಯೇ ಆ ನೆಲದ ಒಡೆತನವನ್ನು ಪುಕ್ಕಟೆ ಬರೆದುಕೊಡೆಂದು ನಗರಸಭೆಯವರು ಕೇಳಲಾಗದು. ಅಂದರೆ ಬಳಕೆ ಬೇರೆ, ಒಡೆತನ ಬೇರೆ.

ಇಲ್ಲಿ ಒಂದು ಸೂಕ್ಷ್ಮವನ್ನು ಬಿಡಿಸಿ ಹೇಳಬೇಕು. ಬೀದಿಯ ಮೇಲೆ ನಡೆಯುವ ಹಕ್ಕು ಎರಡು ಬಗೆ. ನಿವೇಶನ ಕೊಂಡವನಿಗೆ ತನ್ನ ಮನೆಗೆ ಹೋಗಿಬರುವ ಹಕ್ಕು ಒಂದು. ಇದು ಅವನ ಸ್ವತ್ತಿಗೆ ಅಂಟಿದ ಅನುಭೋಗದ ಹಕ್ಕು. ೧೮೮೨ರ ಕಾನೂನು ಇದನ್ನು ವಿವರಿಸುತ್ತದೆ. ಆ ಕಾನೂನು ಮದರಾಸಿಗೂ ಮಧ್ಯಪ್ರಾಂತಗಳಿಗೂ ಅನ್ವಯಿಸಿದಂತೆಯೇ ನಮ್ಮ ಕೊಡಗಿಗೂ ಮೊದಲಿನಿಂದಲೇ ಅನ್ವಯಿಸಿತು. ರಸ್ತೆಯೆಂದು ನಕ್ಷೆಯಲ್ಲಿ ತೋರಿಸಿ ಮಾರಿದವನು ಆಮೇಲೆ ರಸ್ತೆಯೇ ಇಲ್ಲವೆಂದರೆ ಕೊಂಡವನು ಈ ಹಕ್ಕನ್ನು ಹಿಡಿದು ನಿಲ್ಲಬಹುದು. ಆದರೆ ಇದರಿಂದ ಬೀದಿ ಊರಿನದಾಗುವುದಿಲ್ಲ. ಪುರಸಭೆಯವರಿಗೆ ಅದನ್ನು ದುರಸ್ತುಮಾಡುವ ಕರ್ತವ್ಯವೂ ಹುಟ್ಟುವುದಿಲ್ಲ. ಎರಡನೆಯದು ಸರ್ವರಿಗೂ ಇರುವ ಹಕ್ಕು. ತರಕಾರಿ ಮಾರುವವಳು, ಅಂಚೆಯವನು, ಅನ್ಯ ಊರಿನ ಅತಿಥಿ, ಹೆಣ ಹೊತ್ತವರು, ದಿಬ್ಬಣದವರು, ಇವರೆಲ್ಲರೂ ಯಾರ ಅಪ್ಪಣೆಯನ್ನೂ ಕೇಳದೆ ನಡೆಯುವ ಹಕ್ಕು. ಈ ಎರಡನೆಯದು ಬಂದಾಗಲೇ ಬೀದಿಗೆ ಬೀದಿಯೆಂಬ ಹೆಸರು ಸಾರ್ಥಕ.

ಶಾಸ್ತ್ರವನ್ನು ಇಷ್ಟು ಹೇಳಿದ ಮೇಲೆ ಕಣ್ಣಾರೆ ಕಂಡದ್ದನ್ನೂ ಹೇಳುತ್ತೇವೆ. ನಾವು ವಾಸಿಸುವ ಊರಿನಲ್ಲಿ ಇಪ್ಪತ್ತೆರಡು ಮನೆಗಳ ಒಂದು ಓಣಿಯಿದೆ. ನೆಲದ ಒಡೆಯನು ನಿವೇಶನಗಳನ್ನು ಮಾರಿ ತೀರಿಕೊಂಡನು. ಹಲವು ವರ್ಷಗಳಾದ ಮೇಲೆ ಅವನ ಮಕ್ಕಳು ಓಣಿಯ ಬಾಯಿಯಲ್ಲಿ ಒಂದು ಪಕ್ಕದ ನೆಲವನ್ನು ಅಂಗಡಿಯ ಮಳಿಗೆಗೆಂದು ಇನ್ನೊಬ್ಬನಿಗೆ ಮಾರಿದರು. ಕೊಂಡವನು ಕಲ್ಲು ನೆಟ್ಟನು. ಇಪ್ಪತ್ತು ಅಡಿಯ ದಾರಿ ಹತ್ತು ಅಡಿಯಾಯಿತು. ಆ ಮಳೆಗಾಲದಲ್ಲಿ ಹೆರಿಗೆಯ ನೋವು ಬಂದ ಒಬ್ಬ ಹೆಣ್ಣುಮಗಳನ್ನು ಕುರ್ಚಿಯ ಮೇಲೆ ಕೂರಿಸಿ, ಮೊಣಕಾಲೆತ್ತರದ ಕೆಸರಿನಲ್ಲಿ ನಾಲ್ಕು ಮಂದಿ ಹೊತ್ತು, ದೊಡ್ಡ ರಸ್ತೆಯಲ್ಲಿ ಕಾದಿದ್ದ ವಾಹನಕ್ಕೆ ಮುಟ್ಟಿಸಬೇಕಾಯಿತು. ದೈವಕೃಪೆಯಿಂದ ತಾಯಿಮಕ್ಕಳಿಬ್ಬರೂ ಉಳಿದರು. ಮರುದಿನ ಓಣಿಯವರು ಪುರಸಭೆಗೆ ಹೋದರೆ, ‘ಅದು ಖಾಸಗಿ ರಸ್ತೆ, ನಮಗೆ ಸಂಬಂಧವಿಲ್ಲ’ ಎಂದರು. ಒಡೆಯನ ಮಕ್ಕಳನ್ನು ಕೇಳಿದರೆ, ‘ನಮ್ಮ ತಂದೆ ಅದನ್ನು ಯಾರಿಗೂ ಬರೆದುಕೊಟ್ಟಿಲ್ಲ’ ಎಂದರು. ಎರಡೂ ನಿಜವೇ. ಕೊಡುವವನಿಲ್ಲ, ಕೊಳ್ಳುವವನಿಲ್ಲ, ನಡೆಯುವವರು ಮಾತ್ರ ಉಂಟು!

ವಕೀಲರೊಬ್ಬರು ಎಲ್ಲರ ಕ್ರಯಪತ್ರಗಳನ್ನು ತರಿಸಿ ನೋಡಿದರು. ಇಪ್ಪತ್ತೆರಡು ಪತ್ರಗಳ ಚಕ್ಕುಬಂದಿಯಲ್ಲಿಯೂ ಇಪ್ಪತ್ತು ಅಡಿಯ ರಸ್ತೆಯೆಂದೇ ಇತ್ತು. ಕೆಳಗೆ ಆ ತಂದೆಯ ರುಜುವಿತ್ತು. ಮಾರಿದ ಕೈಯೇ ಬರೆದ ಮಾತನ್ನು ಮಕ್ಕಳು ಅಲ್ಲಗಳೆಯುವುದು ಕಷ್ಟವೆಂದು ಅವರಿಗೆ ತಿಳಿಯಹೇಳಿದ ಮೇಲೆ, ಹಿರಿಯ ಮಗನು ಮಳಿಗೆಯವನ ಹಣವನ್ನು ಹಿಂದಿರುಗಿಸಿ ಬೀದಿಯನ್ನು ಬಿಟ್ಟುಕೊಡಲು ಒಪ್ಪಿದನು. ಆಮೇಲೆ ಪುರಸಭೆಯ ಇಂಜಿನಿಯರು ಬಂದು ಅಳೆದು, ಮೊದಲು ಚರಂಡಿಯನ್ನು ದೊಡ್ಡ ಕಾಲುವೆಗೆ ಇಳಿಜಾರಾಗಿ ಸೇರಿಸಿ, ಜಲ್ಲಿ ಹಾಕಿ ಮಟ್ಟಮಾಡಿ ತೋರಿಸಿರಿ, ಅನಂತರ ಸಭೆಯ ಮುಂದಿಡುತ್ತೇವೆ ಎಂದರು.

ನಿಜವಾದ ಜಗಳ ಆಗ ಮೊದಲಾಯಿತು. ಖರ್ಚನ್ನು ಹೇಗೆ ಹಂಚುವುದು? ಮುಖದಳತೆಯ ಮೇಲೆ ಎಂದರು ಕೆಲವರು. ಮೂಲೆಯ ಮನೆಯಲ್ಲಿ ಒಬ್ಬ ವೃದ್ಧೆ ಒಂಟಿಯಾಗಿದ್ದರು. ಅವರ ಗೋಡೆ ಓಣಿಗುಂಟ ಅರುವತ್ತು ಅಡಿ ಇತ್ತು. ಬಾಗಿಲು ಮಾತ್ರ ದೊಡ್ಡ ರಸ್ತೆಗೆ. ‘ಮೇಷ್ಟ್ರೇ, ಈ ಓಣಿಗೆ ನನ್ನದು ಗೋಡೆ ಮಾತ್ರ. ಗೋಡೆ ನಡೆದಾಡುವುದಿಲ್ಲವಲ್ಲ!’ ಎಂದು ಅವರು ನಮ್ಮನ್ನು ಕೇಳಿದರು. ಓಣಿಯ ಕೊನೆಯ ಮನೆಯವನದು ಇಪ್ಪತ್ತೇ ಅಡಿ. ಆದರೆ ಎಲ್ಲರಿಗಿಂತ ಹೆಚ್ಚು ದೂರ ಅದೇ ಬೀದಿಯಲ್ಲಿ ನಡೆಯುವವನು ಅವನೇ. ಅಳತೆಯೊಂದನ್ನೇ ಹಿಡಿದರೆ ಅವನಿಗಿಂತ ಮೂರರಷ್ಟನ್ನು ಆ ವೃದ್ಧೆ ಕೊಡಬೇಕು. ಇಂಗ್ಲೆಂಡಿನವರಿಗೂ ಈ ತೊಡಕು ಬಂದಿತ್ತು. ಆದುದರಿಂದಲೇ ೧೮೯೨ರ ಕಾನೂನಿನಲ್ಲಿ, ಮುಖದಳತೆಯೊಡನೆ ಯಾವ ಸ್ವತ್ತಿಗೆ ಎಷ್ಟು ಪ್ರಯೋಜನವೆಂಬುದನ್ನೂ ಗಣನೆಗೆ ತರಬಹುದೆಂದು ಬರೆದರು. ಓಣಿಯವರು ಕಡೆಗೆ ಒಪ್ಪಿದ ಲೆಕ್ಕ ಹೀಗೆ: ಖರ್ಚಿನ ಅರ್ಧವನ್ನು ಮುಖದಳತೆಯ ಮೇಲೆ ಹಂಚುವುದು, ಉಳಿದರ್ಧವನ್ನು ಓಣಿಗೆ ಬಾಗಿಲುಳ್ಳ ಮನೆಗಳಿಗೆ ಸಮಪಾಲಾಗಿ ಹಂಚುವುದು. ವೃದ್ಧೆಗೆ ಅಳತೆಯ ಪಾಲು ಮಾತ್ರ ಬಂದಿತು. ಅವರು ಅದನ್ನು ಎಲ್ಲರಿಗಿಂತ ಮೊದಲೇ ತಂದುಕೊಟ್ಟರು.

ಒಂದು ಮನೆಯವರು ಕಡೆಯವರೆಗೂ ಕಾಸು ಕೊಡಲಿಲ್ಲ. ಅವರ ಪಾಲನ್ನು ಉಳಿದವರು ಹೊತ್ತರು. ಮೂರನೆಯ ವರ್ಷ ಪುರಸಭೆಯ ನಿರ್ಣಯವಾಯಿತು. ಕಂಬ ನೆಟ್ಟು ದೀಪ ಬಂದಿತು. ‘ಕೊಡದವರು ನಡೆಯಬಾರದೆಂದು ಹೇಳಿ’ ಎಂದು ಕೆಲವು ಯುವಕರು ನಮ್ಮ ಬಳಿ ರೇಗಿದರು. ಅಯ್ಯಾ, ಕೊಟ್ಟವರೇ ನಡೆಯಬೇಕೆಂದರೆ ಅದು ಹಿಂದಿದ್ದ ಖಾಸಗಿ ಓಣಿಯೇ ಆಯಿತಲ್ಲವೆ? ಕೊಡದವನೂ ತಲೆಯೆತ್ತಿ ನಡೆಯಬಹುದಾದದ್ದೇ ಸಾರ್ವಜನಿಕ ಬೀದಿ. ನೀವು ಹಣ ಸುರಿದದ್ದು ಅದಕ್ಕಾಗಿಯೇ.

ಬೀದಿಯು ಊರಿನದಾದುದರಿಂದ ಬರುವ ಲಾಭಗಳು ಹಲವು. ದುರಸ್ತಿಯ ಭಾರ ಪುರಸಭೆಯ ಮೇಲೆ ಬೀಳುತ್ತದೆ. ನೀರಿನ ಕೊಳವೆ, ಒಳಚರಂಡಿಗಳನ್ನು ಹಾಕಲು ಯಾರ ಮನೆಯ ಬಾಗಿಲನ್ನೂ ಕಾಯಬೇಕಾಗಿಲ್ಲ. ಒತ್ತುವರಿಯ ವಿಷಯದಲ್ಲಿಯೂ ರಕ್ಷಣೆ ಹೆಚ್ಚು. ಸಾಮಾನ್ಯ ಸ್ವತ್ತನ್ನು ಒಬ್ಬನು ಹನ್ನೆರಡು ವರ್ಷ ಎದುರುಹಕ್ಕಿನಿಂದ ಹಿಡಿದುಕೊಂಡರೆ ಒಡೆಯನ ದಾವೆಗೆ ಕಾಲ ಮೀರುತ್ತದೆ. ಸಾರ್ವಜನಿಕ ಬೀದಿಯ ವಿಷಯದಲ್ಲಿ ೧೯೬೩ರ ಕಾಲಮಿತಿ ಕಾನೂನು ಸ್ಥಳೀಯ ಸಂಸ್ಥೆಗೆ ಮೂವತ್ತು ವರ್ಷಗಳನ್ನು ಕೊಟ್ಟಿದೆ. ಹಾಗೆಂದು ಬೀದಿಯ ಕೆಳಗಿನ ಪಾತಾಳವೂ ಮೇಲಿನ ಆಕಾಶವೂ ಪುರಸಭೆಯದಾಯಿತೆಂದು ಭಾವಿಸಬಾರದು. ಮಧುರೆಯ ಪುರಸಭೆಯ ಒಂದು ಪ್ರಕರಣದಲ್ಲಿ ಮದರಾಸಿನ ಉಚ್ಚ ನ್ಯಾಯಾಲಯವು ಕಳೆದ ಶತಮಾನದ ಆರಂಭದಲ್ಲಿಯೇ ಹೇಳಿದಂತೆ, ಬೀದಿಯು ಬೀದಿಯಾಗಿರಲು ಎಷ್ಟು ಬೇಕೋ ಅಷ್ಟರ ಮಟ್ಟಿಗೆ ಮಾತ್ರ ಅದು ಪುರಸಭೆಯ ವಶ.

ಲಾಭವನ್ನು ಕೊಳ್ಳುವವನು ಬೆಲೆಯನ್ನೂ ತಿಳಿದಿರಬೇಕು. ಒಮ್ಮೆ ಬೀದಿಯನ್ನು ಬಿಟ್ಟುಕೊಟ್ಟ ಮೇಲೆ ಅದಕ್ಕೆ ಕದವಿಡುವಂತಿಲ್ಲ. ಲಂಡನ್ನಿನ ಬ್ಲೂಮ್ಸ್‌ಬರಿಯಲ್ಲಿ ದೊಡ್ಡ ಜಮೀನುದಾರರು ತಮ್ಮ ಬೀದಿಗಳಿಗೆ ಗೇಟುಗಳನ್ನು ಹಾಕಿಸಿ ಕಾವಲಿಟ್ಟು, ಬೇಡದ ಗಾಡಿಗಳನ್ನು ತಡೆಯುತ್ತಿದ್ದರು. ಊರಿನವರು ಬಹುಕಾಲ ದೂರಿದ ಮೇಲೆ ೧೮೯೦ರಲ್ಲಿಯೂ ೧೮೯೩ರಲ್ಲಿಯೂ ಕಾನೂನು ಮಾಡಿ ಅವನ್ನು ಕೀಳಿಸಬೇಕಾಯಿತು. ನ್ಯೂಯಾರ್ಕಿನ ರಾಕ್‌ಫೆಲ್ಲರ್ ಪ್ಲಾಜಾ ಎಂಬ ಖಾಸಗಿ ಬೀದಿಯನ್ನು ವರ್ಷಕ್ಕೊಂದು ದಿನ ಜನರಿಗೆ ಮುಚ್ಚುವ ವಾಡಿಕೆ ಪ್ರಸಿದ್ಧವಾಗಿದೆ. ಎಂದೂ ಮುಚ್ಚದೆ ಬಿಟ್ಟರೆ ಬಿಟ್ಟುಕೊಟ್ಟಂತಾದೀತೆಂಬ ಭಯ ಅದಕ್ಕೆ ಕಾರಣ. ಒಡೆಯನ ಬುದ್ಧಿ ಎಷ್ಟು ದೂರ ಹೋಗುವುದೆಂಬುದಕ್ಕೆ ಇದೇ ನಿದರ್ಶನ.

ನಮ್ಮಲ್ಲಿ ಈಗ ಬೆಂಗಳೂರಿನ ಸುತ್ತ ಗೋಡೆ ಕಟ್ಟಿ, ಕಾವಲುಗಾರನನ್ನಿಟ್ಟ ಬಡಾವಣೆಗಳು ಬಹಳ. ಅವುಗಳಲ್ಲಿ ಕೆಲವು ಮಂಜೂರಾತಿ ಪಡೆಯುವಾಗ ಬೀದಿಗಳನ್ನು ಸ್ಥಳೀಯ ಸಂಸ್ಥೆಗೆ ಬಿಟ್ಟುಕೊಟ್ಟಂಥವು. ಅಂತಹ ಬೀದಿಯಲ್ಲಿ ಹೊರಗಿನವರನ್ನು ತಡೆಯಲಾಗದೆಂದು ನಮ್ಮ ಉಚ್ಚ ನ್ಯಾಯಾಲಯವು ಈಚಿನ ವರ್ಷಗಳಲ್ಲಿ ಹೇಳಿದೆ. ಕದವೂ ಬೇಕು, ಊರಿನ ಹಣದ ಡಾಂಬರೂ ಬೇಕು ಎಂದರೆ ಹೇಗೆ? ಕಾವಲಿನ ನೆಮ್ಮದಿ ಬೇಕಾದವರು ಬೀದಿಯ ಖರ್ಚನ್ನೂ ತಾವೇ ಹೊರಬೇಕು. ಖರ್ಚನ್ನು ಊರಿಗೆ ಬಿಟ್ಟವರು ಊರನ್ನು ಒಳಗೆ ಬಿಡಬೇಕು.

ಊರಿನದಾದುದನ್ನು ಊರಿನವರೇ ಕಾಯಬೇಕೆಂಬುದಕ್ಕೂ ಬೆಂಗಳೂರಿನಲ್ಲಿಯೇ ಉದಾಹರಣೆಯುಂಟು. ರಾಜಮಹಲ್ ವಿಲಾಸ ಬಡಾವಣೆಯಲ್ಲಿ ಉದ್ಯಾನಕ್ಕೆಂದು ನಕ್ಷೆಯಲ್ಲಿ ಬಿಟ್ಟ ಬಯಲನ್ನು ಖಾಸಗಿ ಶುಶ್ರೂಷಾಲಯಕ್ಕೆ ಕೊಟ್ಟಾಗ ಅಲ್ಲಿನ ನಿವಾಸಿಗಳು ನ್ಯಾಯಾಲಯದ ಮೆಟ್ಟಲೇರಿದರು. ೧೯೯೧ರಲ್ಲಿ ಸರ್ವೋಚ್ಚ ನ್ಯಾಯಾಲಯವು ಅವರ ಪರವಾಗಿ ತೀರ್ಪಿತ್ತು, ನೆರೆಹೊರೆಯ ನಿವಾಸಿಗಳಿಗೆ ಹೀಗೆ ಪ್ರಶ್ನಿಸುವ ಅಧಿಕಾರವುಂಟೆಂದು ಎತ್ತಿಹಿಡಿಯಿತು.

ಪುರಸಭೆಗಳವರಿಗೂ ಒಂದು ಮಾತು ಹೇಳಬೇಕು. ಕೆಟ್ಟ ಬೀದಿಯನ್ನು ಕಣ್ಣುಮುಚ್ಚಿ ಒಪ್ಪಿಕೊಂಡರೆ, ನಿವೇಶನ ಮಾರಿ ಲಾಭಮಾಡಿಕೊಂಡವನು ಮಾಡಬೇಕಾಗಿದ್ದ ಚರಂಡಿಯನ್ನು ಊರಿನ ಬಡಬಗ್ಗರ ತೆರಿಗೆಯಿಂದ ಮಾಡಿದಂತಾಗುತ್ತದೆ. ಆದುದರಿಂದ ಅವರು ಪರೀಕ್ಷಿಸಿ ಒಪ್ಪುವುದು ನ್ಯಾಯವೇ. ಆದರೆ ಮನೆಗಳಾಗಿ, ದಶಕಗಳು ಕಳೆದು, ಆ ಮನೆಗಳಿಂದ ವರ್ಷವರ್ಷವೂ ಕಂದಾಯವನ್ನು ಎತ್ತುತ್ತಿದ್ದು, ಬೀದಿ ಮಾತ್ರ ನಮ್ಮದಲ್ಲವೆನ್ನುವುದು ಧರ್ಮವಲ್ಲ. ತೆರಿಗೆಯನ್ನು ಕೊಳ್ಳುವ ಕೈ ಬೀದಿಯನ್ನೂ ಕೊಳ್ಳಬೇಕು. ೨೦೦೭ರಲ್ಲಿ ಬೃಹತ್ ಬೆಂಗಳೂರು ಮಹಾನಗರ ಪಾಲಿಕೆಯಾದಾಗ ಸುತ್ತಣ ಏಳು ನಗರಸಭೆಗಳೊಡನೆ, ಒಂದು ಪುರಸಭೆಯೊಡನೆ ೧೧೦ ಹಳ್ಳಿಗಳೂ ಸೇರಿದವು. ಆ ಹಳ್ಳಿಗಳ ಹೊಲಗಳಲ್ಲಿ ಮಂಜೂರಾತಿಯಿಲ್ಲದೆ ಎದ್ದ ಓಣಿಗಳೂ ಜೊತೆಗೆ ಬಂದವು. ೨೦೨೫ರಲ್ಲಿ ಆ ಪಾಲಿಕೆ ಹೋಗಿ ಗ್ರೇಟರ್ ಬೆಂಗಳೂರು ಪ್ರಾಧಿಕಾರವೂ ಐದು ನಗರ ಪಾಲಿಕೆಗಳೂ ಬಂದಿವೆ. ಬಿ ಖಾತೆಯ ನಿವೇಶನಗಳಿಗೆ ಎ ಖಾತೆ ಕೊಡುವ ಏರ್ಪಾಡನ್ನೂ ಅದ���ೇ ವರ್ಷ ಪ್ರಕಟಿಸಿದರು. ಕಾಗದದಲ್ಲಿ ಖಾತೆಯ ಅಕ್ಷರ ಬದಲಾದರೆ ಸಾಲದು. ಆ ನಿವೇಶನದ ಮುಂದಣ ಓಣಿಯಲ್ಲಿ ಚರಂಡಿ ಹರಿಯಬೇಕು, ವಾಹನ ತಿರುಗಬೇಕು.

ಈಗ ಗೃಹಸ್ಥರು ಮಾಡತಕ್ಕದ್ದನ್ನು ಹೇಳಿ ಮುಗಿಸುತ್ತೇವೆ. ನಿವೇಶನವನ್ನೋ ಮನೆಯನ್ನೋ ಕೊಳ್ಳುವ ಮೊದಲು ಮಂಜೂರಾದ ಬಡಾವಣೆಯ ನಕ್ಷೆಯನ್ನು ಕೇಳಿ ನೋಡಿರಿ. ಮಾರುವವನು ಕೈಯಲ್ಲಿ ಬರೆದ ನಕ್ಷೆ ಸಾಲದು. ಬೀದಿಯ ನೆಲವನ್ನು ಬಿಟ್ಟುಕೊಟ್ಟ ಪತ್ರವು ನೋಂದಣಿಯಾಗಿದೆಯೇ ಎಂದು ವಿಚಾರಿಸಿರಿ. ಬೀದಿಯಿರುವ ಸರ್ವೆ ನಂಬರಿನ ಪಹಣಿಯಲ್ಲಿ ಈಗ ಯಾರ ಹೆಸರಿದೆಯೆಂದು ತೆಗೆಸಿ ಓದಿರಿ. ಪುರಸಭೆಯ ಕಚೇರಿಗೆ ಹೋಗಿ ಆ ಬೀದಿಯು ಅವರ ರಸ್ತೆಗಳ ಪಟ್ಟಿಯಲ್ಲಿದೆಯೇ ಎಂದು ಬರವಣಿಗೆಯಲ್ಲಿ ಕೇಳಿರಿ; ಬಾಯಿಮಾತಿನ ಭರವಸೆಯನ್ನು ನಂಬಬೇಡಿರಿ. ಬೀದಿಯ ಅಗಲವನ್ನು ಪತ್ರದಲ್ಲಿ ಓದಿದರೆ ಸಾಲದು, ಅದರ ಬಾಯಿಯಲ್ಲಿಯೂ ನಡುವಿನಲ್ಲಿಯೂ ಕೊನೆಯಲ್ಲಿಯೂ ಹಗ್ಗ ಹಿಡಿದು ಅಳೆಯಿರಿ.

ಈಗಾಗಲೇ ಖಾಸಗಿ ಬೀದಿಯಲ್ಲಿ ವಾಸಿಸುವವರು ಎದೆಗುಂದಬೇಕಾಗಿಲ್ಲ. ನೆರೆಯವರೆಲ್ಲರೂ ಒಂದು ಸಂಜೆ ಕೂಡಿ ತಂತಮ್ಮ ಕ್ರಯಪತ್ರಗಳನ್ನು ಒಂದೇ ಚಾಪೆಯ ಮೇಲೆ ಹರಡಿಕೊಳ್ಳಿರಿ. ಯಾರ ಪತ್ರದಲ್ಲಿ ಎಷ್ಟು ಅಡಿಯ ರಸ್ತೆಯೆಂದಿದೆ ಎಂದು ಒಂದು ಪಟ್ಟಿ ಮಾಡಿರಿ. ನೆಲದ ಒಡೆಯನು ಬದುಕಿರುವಾಗಲೇ ಅವನಿಂದ ಬಿಟ್ಟುಕೊಡುವ ಪತ್ರವನ್ನು ಬರೆಯಿಸಿರಿ. ತಂದೆಯಿಂದ ಒಂದು ರುಜು ಸಾಕಾಗುವ ಕಡೆ ಮಕ್ಕಳ ಕಾಲಕ್ಕೆ ಹತ್ತು ರುಜು ಬೇಕಾಗುತ್ತವೆ. ಚರಂಡಿಯ ಲೆಕ್ಕವನ್ನು ಮೊದಲು ಮಾಡಿ, ಡಾಂಬರಿನ ಆಸೆಯನ್ನು ಆಮೇಲೆ ಇಟ್ಟುಕೊಳ್ಳಿರಿ. ಹಣ ಹಂಚುವಾಗ ಮೂಲೆಯ ಮನೆಯವರನ್ನೂ ಅಶಕ್ತರನ್ನೂ ನೆನೆಯಿರಿ. ನಿರ್ಣಯವಾದ ದಿನ ಅದರ ನಕಲನ್ನು ಪಡೆದು ಪ್ರತಿಯೊಂದು ಮನೆಯಲ್ಲಿಯೂ ಕ್ರಯಪತ್ರದೊಡನೆ ಕಟ್ಟಿಡಿರಿ. ಮನೆಯನ್ನು ಮಕ್ಕಳಿಗೆ ಬಿಟ್ಟುಹೋಗುವವರು ಆ ಮನೆಗೆ ಬರುವ ದಾರಿಯನ್ನೂ ಕಾಗದದಲ್ಲಿ ಬಿಟ್ಟುಹೋಗಬೇಕು.